ಆಟದ ಬಯಲೂ ಮಕ್ಕಳ ಕ್ಷೇಮವೂ



ಪ್ರತಿವರ್ಷ ಹಳೆಯ ವಿದ್ಯಾರ್ಥಿನಿಯರ ಸಮ್ಮೇಳನದ ದಿನ ಶಾಲೆಗೆ ಬರುವ ಸಹೋದರಿಯರು ಮೊದಲು ತಾವು ಕುಳಿತು ಕಲಿತ ಕೋಣೆಯನ್ನೂ, ಆಮೇಲೆ ಹುಣಿಸೆಯ ಮರದ ಆಚೆಗಿರುವ ಆಟದ ಬಯಲನ್ನೂ ನೋಡಿ ಬರುವುದು ವಾಡಿಕೆ. ಹಾಗೆ ನೋಡಿಬಂದವರಲ್ಲಿ ಅನೇಕರು ನನ್ನನ್ನು ಕೇಳುವ ಪ್ರಶ್ನೆ ಒಂದೇ: “ಟೀಚರ್, ನಮ್ಮ ಕಾಲದ ಆ ಎತ್ತರದ ಜಾರುಬಂಡೆ ಎಲ್ಲಿ ಹೋಯಿತು? ಹುಣಿಸೆಯ ಕೊಂಬೆಯ ಉಯ್ಯಾಲೆಯನ್ನು ಯಾಕೆ ಬಿಚ್ಚಿಸಿದಿರಿ? ಈಗಿನ ಉಯ್ಯಾಲೆಯ ಕೆಳಗೆ ಮರದ ಚಕ್ಕೆ ಯಾಕೆ ಸುರಿದಿದ್ದೀರಿ?” ನಿಂತ ನಿಲುವಿನಲ್ಲಿ ಉತ್ತರ ಹೇಳಿ ಮುಗಿಸುವ ಪ್ರಶ್ನೆ ಇದಲ್ಲ. ಆದುದರಿಂದ ಈ ಸ್ಮರಣ ಸಂಚಿಕೆಯಲ್ಲಿ ನನಗೆ ದೊರೆತ ಕೆಲವು ಪುಟಗಳನ್ನು ಆ ಉತ್ತರಕ್ಕಾಗಿಯೇ ಉಪಯೋಗಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಪ್ರಾಥಮಿಕ ವಿಭಾಗದ ಮೂರನೆಯ ತರಗತಿಯ ಹುಡುಗಿಯೊಬ್ಬಳು ಆ ಜಾರುಬಂಡೆಯ ತುದಿಯಿಂದ ಪಕ್ಕಕ್ಕೆ ಬಿದ್ದಳು. ಕೆಳಗೆ ಗಾರೆಯ ನೆಲವಿತ್ತು. ಎಡಗೈಯ ಎಲುಬು ಮುರಿಯಿತು. ಆಸ್ಪತ್ರೆಯಲ್ಲಿ ಕಟ್ಟು ಹಾಕಿಸಿ ಮನೆಗೆ ಕಳುಹಿಸಿದ ಮರುದಿನ ಆಕೆಯ ತಂದೆ ನನ್ನ ಕೋಣೆಗೆ ಬಂದರು. ಅವರು ಕೋಪಿಸಿಕೊಳ್ಳಲಿಲ್ಲ, ನಮ್ಮ ಮೇಲೆ ದೂರು ಹೊರಿಸಲೂ ಇಲ್ಲ. “ಅಮ್ಮಾ, ಮಕ್ಕಳು ಬೀಳುವ ಜಾಗದಲ್ಲಿ ಗಾರೆ ಯಾಕೆ ಹಾಕಿಸಿದ್ದೀರಿ?” ಎಂದಷ್ಟೇ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಮಳೆಗಾಲದಲ್ಲಿ ಮಕ್ಕಳ ಕಾಲಿನ ಕೆಸರು ತರಗತಿಯೊಳಗೆ ಬಾರದಿರಲಿ, ಗುಡಿಸುವವರಿಗೆ ಕೆಲಸ ಹಗುರವಾಗಲಿ ಎಂದು ನಾನೇ ಮುಂದೆ ನಿಂತು ಆ ಗಾರೆಯನ್ನು ಹಾಕಿಸಿದ್ದೆನು. ನೆಲವು ಚೊಕ್ಕಟವಾಗಿ ಕಂಡಿತು, ಅಪಾಯವು ಕಾಣಲಿಲ್ಲ.

ಆ ವಾರದಲ್ಲಿ ಹಲವು ಮಂದಿ ಪೋಷಕರಿಂದ ಪತ್ರಗಳು ಬಂದವು. ಹೆಣ್ಣುಮಕ್ಕಳಿಗೆ ಇಂಥ ಆಟಗಳು ಬೇಡವೆಂದೂ, ಬಿಡುವಿನ ವೇಳೆಯಲ್ಲಿ ಅವರನ್ನು ತರಗತಿಯಲ್ಲಿಯೇ ಕುಳ್ಳಿರಿಸಬೇಕೆಂದೂ ಅವುಗಳಲ್ಲಿ ಬರೆದಿತ್ತು. ನಾವೂ ಹೆದರಿದ್ದೆವು, ಬಯಲಿನ ಗೇಟಿಗೆ ಬೀಗ ಹಾಕಿದೆವು. ಮೂರು ವಾರ ಬೀಗವಿತ್ತು. ಆ ಮೂರು ವಾರಗಳಲ್ಲಿ ನಡೆದುದೇನು? ಮಕ್ಕಳು ಆಟವನ್ನು ಬಿಡಲಿಲ್ಲ. ಆಟದ ಜಾಗವನ್ನು ಬದಲಿಸಿದರು. ಕಲ್ಲಿನ ಮೆಟ್ಟಿಲುಗಳ ಮೇಲೆ ಹಾರಾಟ, ಜಗುಲಿಯಲ್ಲಿ ಓಡಾಟ, ಮಹಡಿಯ ಕಟಕಟೆಯ ಮೇಲೆ ಸವಾರಿ ಮೊದಲಾದವು. ಇಬ್ಬರು ಹುಡುಗಿಯರು ಮೆಟ್ಟಿಲಿನಿಂದ ಬಿದ್ದರು. ಒಬ್ಬಳ ಹಣೆಗೆ ಹೊಲಿಗೆ ಹಾಕಿಸಬೇಕಾಯಿತು. ಮಗುವಿಗೆ ಆಟವು ಹಸಿವಿನಂತೆ. ಅಡಿಗೆಮನೆಗೆ ಬೀಗ ಹಾಕಿದರೆ ಹಸಿವು ಹೋಗುವುದಿಲ್ಲ ಎಂಬ ಮಾತನ್ನು ನಾವು ಹೀಗೆ ಕಲಿತೆವು.

ಮೋಶೆಯ ಧರ್ಮಶಾಸ್ತ್ರದಲ್ಲಿ, ಧರ್ಮೋಪದೇಶಕಾಂಡದ ೨೨ನೆಯ ಅಧ್ಯಾಯದಲ್ಲಿ, ಮನೆ ಕಟ್ಟುವವನಿಗೆ ಒಂದು ವಿಧಿಯಿದೆ. ಹೊಸ ಮನೆಯ ಮಾಳಿಗೆಗೆ ಸುತ್ತಲೂ ಕೈಗೋಡೆಯನ್ನು ಕಟ್ಟಿಸತಕ್ಕದ್ದು; ಕಟ್ಟಿಸದೆ ಬಿಟ್ಟು ಯಾರಾದರೂ ಬಿದ್ದು ಸತ್ತರೆ ಆ ಅಪರಾಧವು ಮನೆಯವನದು ಎಂಬುದು ಅದರ ತಾತ್ಪರ್ಯ. ಮಾಳಿಗೆಯನ್ನು ಹತ್ತಬೇಡಿರಿ ಎಂದು ಅಲ್ಲಿ ಹೇಳಿಲ್ಲ. ಹತ್ತುವವರು ಹತ್ತುವರು, ಕಾಲು ಜಾರುವುದೂ ಉಂಟು; ಗೋಡೆಯನ್ನು ಕಟ್ಟುವ ಹೊಣೆ ಯಜಮಾನನದು. ಆಟದ ಬಯಲಿಗೂ ಇದೇ ನ್ಯಾಯವೆಂದು ನಾನು ತಿಳಿಯುತ್ತೇನೆ. ಬೀಳುವುದು ಮಗುವಿನ ಪಾಲು; ಬಿದ್ದಾಗ ಮುರಿಯದಂತೆ ಮೊದಲೇ ಏರ್ಪಡಿಸುವುದು ಹಿರಿಯರ ಪಾಲು. ಈ ಏರ್ಪಾಡಿನ ಐದು ಅಂಗಗಳನ್ನು ಕ್ರಮವಾಗಿ ವಿವರಿಸುತ್ತೇನೆ.

೧. ನೆಲ

ಆಟದ ಉಪಕರಣಗಳಿಂದ ಆಗುವ ಗಾಯಗಳಲ್ಲಿ ಬಹುಪಾಲು ನೆಲಕ್ಕೆ ಬೀಳುವುದರಿಂದ ಆದವುಗಳೇ. ಆದುದರಿಂದ ಏಣಿ, ಸರಪಳಿಗಳನ್ನು ನೋಡುವ ಮೊದಲು ಕಾಲಕೆಳಗಣ ನೆಲವನ್ನು ನೋಡತಕ್ಕದ್ದು.

ಇದರ ಕಾರಣವನ್ನು ನಮ್ಮ ಎಂಟನೆಯ ತರಗತಿಯ ಹುಡುಗಿಯರು ಒಂದು ಚಿಕ್ಕ ಪ್ರಯೋಗದಿಂದ ತೋರಿಸಿದರು. ಒಂದೇ ಅಳತೆಯ ಎರಡು ಮಣ್ಣಿನ ಕುಡಿಕೆಗಳನ್ನು ಎದೆಯೆತ್ತರದಿಂದ ಬೀಳಬಿಟ್ಟರು. ಒಂದನ್ನು ಗಾರೆಯ ಮೇಲೆ, ಇನ್ನೊಂದನ್ನು ಸಡಿಲವಾದ ಮರಳಿನ ಗುಡ್ಡೆಯ ಮೇಲೆ. ಮೊದಲನೆಯದು ಚೂರಾಯಿತು, ಎರಡನೆಯದು ಮರಳಿನಲ್ಲಿ ಅರ್ಧ ಹೂತು ನಿಂತಿತು. ಎತ್ತರವೂ ವೇಗವೂ ಎರಡಕ್ಕೂ ಒಂದೇ. ಭೇದವಿದ್ದುದು ನಿಲ್ಲುವುದಕ್ಕೆ ದೊರೆತ ದೂರದಲ್ಲಿ ಮಾತ್ರ. ಆರು ಅಡಿ ಎತ್ತರದಿಂದ ಬೀಳುವ ಮಗು ನೆಲವನ್ನು ಮುಟ್ಟುವ ಹೊತ್ತಿಗೆ ಗಂಟೆಗೆ ೨೧ ಕಿಲೋಮೀಟರಿಗೂ ಮಿಕ್ಕ ವೇಗವನ್ನು ಪಡೆದಿರುತ್ತದೆ. ಆ ವೇಗವು ಒಂದು ಅಂಗುಲದೊಳಗೆ ಅಡಗಬೇಕಾದರೆ ದೇಹದ ಮೇಲೆ ಬೀಳುವ ಸರಾಸರಿ ಬಲವು ದೇಹಭಾರದ ೭೦ ಪಟ್ಟಿಗೂ ಹೆಚ್ಚು. ನಾಲ್ಕು ಅಂಗುಲಗಳಲ್ಲಿ ಅಡಗಿದರೆ ೨೦ ಪಟ್ಟಿಗಿಂತಲೂ ಕಡಿಮೆ. ಗಾರೆಯು ಒಂದು ಅಂಗುಲವನ್ನೂ ಕೊಡುವುದಿಲ್ಲ.

ಅಮೇರಿಕಾ ಸಂಯುಕ್ತ ಸಂಸ್ಥಾನದ ಗ್ರಾಹಕ ವಸ್ತುಗಳ ಸುರಕ್ಷತಾ ಆಯೋಗವು ಆಟದ ಬಯಲುಗಳನ್ನು ಕುರಿತು ೧೯೮೧ರಲ್ಲಿ ಮೊದಲು ಒಂದು ಕೈಪಿಡಿಯನ್ನು ಪ್ರಕಟಿಸಿ ಆಮೇಲೆ ಹಲವು ಸಲ ಪರಿಷ್ಕರಿಸಿದೆ. ಗಾರೆ, ಡಾಂಬರು, ಗಟ್ಟಿಮಣ್ಣು ಇವು ಮಾತ್ರವಲ್ಲದೆ ಹುಲ್ಲುನೆಲವೂ ಉಪಕರಣಗಳ ಕೆಳಗೆ ತಕ್ಕ ರಕ್ಷಣೆಯಲ್ಲವೆಂದು ಆ ಕೈಪಿಡಿಯು ಹೇಳುತ್ತದೆ. ಹುಲ್ಲಿನ ವಿಷಯ ಅನೇಕರಿಗೆ ಆಶ್ಚರ್ಯವಾದೀತು. ಆದರೆ ಮಕ್ಕಳ ಕಾಲ್ತುಳಿತದಿಂದ ಹುಲ್ಲು ಸವೆದು ಕೆಳಗಿನ ಮಣ್ಣು ಕಲ್ಲಿನಂತಾಗುವುದನ್ನು ನಮ್ಮ ಬಯಲುಗಳಲ್ಲಿ ಯಾರೂ ನೋಡಬಹುದು. ಒಂಬತ್ತು ಅಂಗುಲ ದಪ್ಪದ ಮರಳು ನಾಲ್ಕು ಅಡಿ ಎತ್ತರದ ಬೀಳುವಿಕೆಗೂ, ಅಷ್ಟೇ ದಪ್ಪದ ಮರದ ಚಕ್ಕೆಯು ಹತ್ತು ಅಡಿಯ ಬೀಳುವಿಕೆಗೂ ಸಾಕೆಂದು ಅದರಲ್ಲಿ ಲೆಕ್ಕ ಕೊಟ್ಟಿದೆ. ಇಂಥ ಸಡಿಲ ವಸ್ತುಗಳು ದಿನಕಳೆದಂತೆ ಕಾಲುಭಾಗವಾದರೂ ಕುಗ್ಗುವುದರಿಂದ ಒಂಬತ್ತು ಅಂಗುಲ ಉಳಿಯಬೇಕಾದರೆ ಮೊದಲಿಗೆ ಹನ್ನೆರಡು ಅಂಗುಲ ತುಂಬತಕ್ಕದ್ದು.

ಈ ಲೆಕ್ಕದಂತೆ ನಾವು ಗಾರೆಯನ್ನು ಒಡೆಯಿಸಿದೆವು. ಜಾರುಬಂಡೆಯ ಎತ್ತರವನ್ನು ನಾಲ್ಕು ಅಡಿಗೆ ಇಳಿಸಿ ಸುತ್ತಲೂ ಆರು ಅಡಿ ಅಗಲಕ್ಕೆ ಮರಳು ತುಂಬಿಸಿದೆವು. ಉಯ್ಯಾಲೆಯ ಕೆಳಗೆ ಮೊಳೆ, ಸಿಬರು ಇಲ್ಲದಂತೆ ಆರಿಸಿದ ಮರದ ಚಕ್ಕೆಯನ್ನು ಹರಡಿಸಿದೆವು. ಮಳೆ ಬಂದು ಹೋದ ಮೇಲೆ ಮರಳು ಗಟ್ಟಿಯಾಗುತ್ತದೆ. ಉಯ್ಯಾಲೆಯ ಕೆಳಗೆ ಕಾಲು ಒರಸಿ ಒರಸಿ ಗುಳಿ ಬೀಳುತ್ತದೆ. ಆದುದರಿಂದ ಪ್ರತಿ ಶನಿವಾರ ಗುದ್ದಲಿಯಿಂದ ಮರಳನ್ನು ಅಗೆದು ಸಡಿಲಿಸಿ, ಚಕ್ಕೆಯನ್ನು ಎಳೆದು ಸಮಮಾಡುವ ಪದ್ಧತಿಯನ್ನು ಇಟ್ಟಿದ್ದೇವೆ. ಒಮ್ಮೆ ತುಂಬಿ ಮರೆತ ಮರಳು ಎರಡು ಮಳೆಗಾಲ ಕಳೆಯುವಲ್ಲಿ ಮತ್ತೆ ನೆಲವೇ ಆಗುವುದು.

೨. ಉಪಕರಣ

ಹುಣಿಸೆಯ ಕೊಂಬೆಯ ಉಯ್ಯಾಲೆಯನ್ನು ತೆಗೆಸಿದ್ದಕ್ಕೆ ಹಳೆಯ ವಿದ್ಯಾರ್ಥಿನಿಯರು ನನ್ನನ್ನು ಕ್ಷಮಿಸಬೇಕು. ನಾಗರ ಪಂಚಮಿಯ ಜೋಕಾಲಿಯನ್ನು ಕಂಡು ಬೆಳೆದವರಿಗೆ ಆ ಎತ್ತರದ ತೂಗಾಟದ ಸುಖವನ್ನು ಮರೆಯುವುದು ಸುಲಭವಲ್ಲ. ಆದರೆ ಉಯ್ಯಾಲೆಯನ್ನು ಕಟ್ಟಿದ ಕೊಂಬೆ ಎಷ್ಟು ಎತ್ತರವೋ ಅದರ ಎರಡರಷ್ಟು ಬಯಲು ಮುಂದಕ್ಕೂ, ಎರಡರಷ್ಟು ಹಿಂದಕ್ಕೂ ಖಾಲಿಯಿರಬೇಕು. ನಮ್ಮ ಮರದ ಕೊಂಬೆಗೆ ಈ ಲೆಕ್ಕ ಹಾಕಿದರೆ ಒಂದು ಕಡೆ ಬಾವಿಯ ಕಟ್ಟೆಯೂ ಇನ್ನೊಂದು ಕಡೆ ಶಾಲೆಯ ಗೋಡೆಯೂ ಅದರೊಳಗೆ ಬರುತ್ತಿದ್ದವು. ಈಗಿನ ಉಯ್ಯಾಲೆಯ ತೊಲೆಯ ಎತ್ತರ ಏಳು ಅಡಿ. ಮುಂದೆ ಹದಿನಾಲ್ಕು, ಹಿಂದೆ ಹದಿನಾಲ್ಕು ಅಡಿ ಬಿಟ್ಟಿದ್ದೇವೆ. ಒಂದು ಚೌಕಟ್ಟಿಗೆ ಎರಡೇ ಉಯ್ಯಾಲೆ. ಮರದ ಮಣೆಗೆ ಬದಲಾಗಿ ರಬ್ಬರಿನ ಮಣೆ; ಏಕೆಂದರೆ ತೂಗುವ ಮಣೆಯ ಅಂಚು ಹಿಂದಿನಿಂದ ಹಾದುಬರುವ ಚಿಕ್ಕವರ ತಲೆಯ ಮಟ್ಟದಲ್ಲಿಯೇ ಇರುತ್ತದೆ.

ಉಳಿದ ಪರೀಕ್ಷೆಗಳು ಇವು. ಬೋಲ್ಟುಗಳು ಸಡಿಲವಾಗಿವೆಯೇ? ಸರಪಳಿಯ ಕೊಂಡಿ ಸವೆದಿದೆಯೇ? ಕಬ್ಬಿಣಕ್ಕೆ ತುಕ್ಕು ಹಿಡಿದು ಚೂಪಾದ ಅಂಚು ಎದ್ದಿದೆಯೇ? ಕಟಕಟೆಯ ಸರಳುಗಳ ನಡುವಿನ ಸಂದು ಮೂರೂವರೆ ಅಂಗುಲಕ್ಕೂ ಒಂಬತ್ತು ಅಂಗುಲಕ್ಕೂ ನಡುವೆ ಇರಕೂಡದು. ಅಂಥ ಸಂದಿನಲ್ಲಿ ಮಗುವಿನ ದೇಹವು ನುಸುಳಿ ತಲೆಯು ಸಿಕ್ಕಿಕೊಳ್ಳುತ್ತದೆ. ಚೆಂಡಾಟದ ಕಂಬಗಳೂ ಗೋಲುಕಂಬಗಳೂ ನೆಲದಲ್ಲಿ ಭದ್ರವಾಗಿ ಹೂಳಲ್ಪಟ್ಟಿರಬೇಕು. ಮಕ್ಕಳು ಅವುಗಳಿಗೆ ಜೋತುಬಿದ್ದಾಗ ಹೂಳದ ಕಂಬವು ಅವರ ಮೇಲೆಯೇ ಉರುಳುವುದು. ಬೇಸಗೆಯಲ್ಲಿ ತಗಡಿನ ಜಾರುಬಂಡೆಯು ಕಾದ ಹಂಚಿನಂತಾಗಿ ತೊಡೆಯ ಚರ್ಮವನ್ನು ಸುಡುತ್ತದೆ. ಅದನ್ನು ನೆರಳಿನಲ್ಲಿ ಇಡತಕ್ಕದ್ದು, ಇಲ್ಲವೆ ಅಂಗೈಯಿಂದ ಮುಟ್ಟಿ ನೋಡಿದ ಮೇಲೆಯೇ ಮಕ್ಕಳನ್ನು ಬಿಡತಕ್ಕದ್ದು.

೩. ಉಡುಪು

ಇದು ಹೆಣ್ಣುಮಕ್ಕಳ ಶಾಲೆಯಾದುದರಿಂದ ಈ ಮಾತನ್ನು ವಿಶೇಷವಾಗಿ ಬರೆಯುತ್ತೇನೆ. ಕೊರಳಿಗೆ ಸುತ್ತಿದ ದುಪಟ್ಟಾ, ಕುತ್ತಿಗೆಯಲ್ಲಿ ಕಟ್ಟುವ ದಾರವಿರುವ ಅಂಗಿ, ಗಟ್ಟಿಯಾದ ಸರ ಇವುಗಳನ್ನು ಧರಿಸಿ ಉಯ್ಯಾಲೆ, ಜಾರುಬಂಡೆಗಳನ್ನು ಹತ್ತಲೇಬಾರದು. ಅದರ ತುದಿಯು ಒಂದು ಬೋಲ್ಟಿಗೆ ಸಿಕ್ಕಿಕೊಂಡರೆ ಸಾಕು, ಮಗುವಿನ ಭಾರವೇ ಉರುಲಾಗುವುದು. ಗಾಜಿನ ಬಳೆಗಳು ಬಿದ್ದಾಗ ಒಡೆದು ಮಣಿಕಟ್ಟಿನ ನರಗಳನ್ನು ಕತ್ತರಿಸಬಲ್ಲವು. ತೂಗುವ ಓಲೆಗಳು ಕಿವಿಯನ್ನು ಹರಿಯಬಲ್ಲವು. ಉದ್ದ ಜಡೆಯನ್ನು ಮಡಿಚಿ ಕಟ್ಟಿದರೆ ಒಳ್ಳೆಯದು. ನಮ್ಮ ಬಯಲಿನ ಗೇಟಿನಲ್ಲಿ ಒಂದು ಮೊಳೆಯ ಹಲಗೆಯನ್ನೂ ಒಂದು ಡಬ್ಬಿಯನ್ನೂ ಇಟ್ಟಿದ್ದೇವೆ. ಒಳಗೆ ಬರುವ ಹುಡುಗಿಯರು ದುಪಟ್ಟಾವನ್ನು ಹಲಗೆಗೆ ತೂಗುಹಾಕಿ, ಬಳೆಗಳನ್ನು ಡಬ್ಬಿಯಲ್ಲಿ ಇಟ್ಟು ಹೋಗುತ್ತಾರೆ. ಮೊದಮೊದಲು ಬಳೆ ತೆಗೆಯಿಸುವುದನ್ನು ಕೆಲವರು ತಾಯಂದಿರು ಒಪ್ಪಲಿಲ್ಲ. ಆಟ ಮುಗಿದೊಡನೆ ತೊಟ್ಟುಕೊಳ್ಳುವರೆಂದು ತಿಳಿಸಿದ ಮೇಲೆ ಒಪ್ಪಿದರು.

೪. ಕಣ್ಣು

ನೆಲವನ್ನೂ ಉಪಕರಣವನ್ನೂ ಸರಿಪಡಿಸಿದ ಮಾತ್ರಕ್ಕೆ ಹೊಣೆ ತೀರಲಿಲ್ಲ. ಬಯಲಿನಲ್ಲಿ ಒಬ್ಬ ಹಿರಿಯರ ಕಣ್ಣು ಇರಬೇಕು. ಆ ಕಣ್ಣು ಕೈಯಲ್ಲಿರುವ ಫೋನಿನ ಮೇಲಾಗಲಿ, ತಿದ್ದಬೇಕಾದ ಪುಸ್ತಕಗಳ ಮೇಲಾಗಲಿ ಇದ್ದರೆ ಇದ್ದೂ ಇಲ್ಲದಂತೆ. ನಮ್ಮಲ್ಲಿ ಚಿಕ್ಕವರ ಬಿಡುವೂ ದೊಡ್ಡವರ ಬಿಡುವೂ ಬೇರೆಬೇರೆ. ಹದಿನಾಲ್ಕರ ಹುಡುಗಿಯು ಕೊಕ್ಕೊ ಆಟದಲ್ಲಿ ಓಡಿಬರುವಾಗ ಏಳರ ಮಗುವು ಅಡ್ಡಬಂದರೆ ತಪ್ಪು ಇಬ್ಬರದೂ ಅಲ್ಲ. ಇಬ್ಬರನ್ನೂ ಒಂದೇ ಬಯಲಿನಲ್ಲಿ ಬಿಟ್ಟವರದು.

ಆದರೆ ಕಾಯುವುದೆಂದರೆ ಗದರುವುದಲ್ಲ. “ಓಡಬೇಡ, ಹತ್ತಬೇಡ, ಹಾರಬೇಡ” ಎಂದು ಬಿಡದೆ ಕೂಗುವ ಉಪಾಧ್ಯಾಯಿನಿಯ ಮಾತನ್ನು ಮಕ್ಕಳು ಕೇಳುವುದನ್ನೇ ಬಿಟ್ಟುಬಿಡುತ್ತಾರೆ. ನಿಜವಾದ ಅಪಾಯದಲ್ಲಿ ಕೂಗಿದಾಗಲೂ ಕೇಳಿಸುವುದಿಲ್ಲ. ನಾವು ನಿಯಮಗಳನ್ನು ಮಕ್ಕಳ ಕೈಯಿಂದಲೇ ಬರೆಯಿಸಿದೆವು. ಜಾರುಬಂಡೆಯಲ್ಲಿ ಕಾಲು ಮುಂದಾಗಿ ಒಬ್ಬೊಬ್ಬರೇ ಜಾರಬೇಕು, ಕೆಳಗಿರುವವಳು ಎದ್ದುಹೋದ ಮೇಲೆಯೇ ಮೇಲಿರುವವಳು ಹೊರಡಬೇಕು, ತೂಗುವ ಉಯ್ಯಾಲೆಯ ಮುಂದೆ ಹಾಯಬಾರದು, ಯಾರನ್ನೂ ದೂಡಬಾರದು. ನಾಲ್ಕೇ ನಿಯಮಗಳು. ತಾವೇ ಬರೆದುದರಿಂದ ಒಬ್ಬರಿಗೊಬ್ಬರು ನೆನಪಿಸಿಕೊಡುತ್ತಾರೆ.

೫. ಬಿದ್ದ ಮೇಲೆ

ಎಷ್ಟು ಜಾಗ್ರತೆಯಿದ್ದರೂ ಮಕ್ಕಳು ಬೀಳುವರು. ಆಗಿನ ಮೊದಲ ಅರ್ಧಗಂಟೆಯಲ್ಲಿ ಹಿರಿಯರು ಮಾಡುವುದೂ ಮಾಡದಿರುವುದೂ ಮಗುವಿನ ಮುಂದಿನ ಜೀವನವನ್ನೇ ನಿರ್ಣಯಿಸಬಹುದು. ಇಲ್ಲಿ ನನ್ನ ಬಾಲ್ಯದ ಒಂದು ಸಂಗತಿಯನ್ನು ಹೇಳಲೇಬೇಕು.

ನಾನು ಆರನೆಯ ತರಗತಿಯಲ್ಲಿದ್ದಾಗ ನನ್ನ ಬೆಂಚಿನಲ್ಲಿಯೇ ಕುಳಿತುಕೊಳ್ಳುತ್ತಿದ್ದ ಗೆಳತಿಯೊಬ್ಬಳು ಪೇರಲ ಮರದಿಂದ ಬಿದ್ದು ಬಲಗೈಯ ಮೊಣಕೈ ಬಳಿ ಎಲುಬನ್ನು ಮುರಿದುಕೊಂಡಳು. ಮನೆಯವರು ಎಲುಬು ಕಟ್ಟುವವರೊಬ್ಬರನ್ನು ಕರೆಯಿಸಿದರು. ಅವರು ಬಿದಿರಿನ ದಬ್ಬೆಗಳನ್ನಿಟ್ಟು ಬಿಗಿಯಾಗಿ ಕಟ್ಟಿದರು. ರಾತ್ರಿಯೆಲ್ಲಾ ಆಕೆ ಅತ್ತಳು. ಮುರಿದ ಕೈ ನೋಯದಿರುತ್ತದೆಯೇ ಎಂದು ಎಲ್ಲರೂ ಸಮಾಧಾನ ಹೇಳಿದರು. ಬೆರಳುಗಳು ಊದಿ ಕಪ್ಪಾದವು. ಮೂರನೆಯ ದಿನ ಕಟ್ಟನ್ನು ಬಿಚ್ಚಿದಾಗ ನೋವು ಹೋಗಿತ್ತು. ಕೈಯಲ್ಲಿ ಜೀವವೂ ಹೋಗಿತ್ತು. ಆ ಬೆರಳುಗಳು ಮಡಚಿಕೊಂಡವು, ಮತ್ತೆ ಬಿಡಿಸಿಕೊಳ್ಳಲಿಲ್ಲ. ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬರೆಯುತ್ತಿದ್ದ ಆ ಹುಡುಗಿ ಎಡಗೈಯಿಂದ ಅಕ್ಷರ ತಿದ್ದಲು ಮೊದಲಿನಿಂದ ಆರಂಭಿಸಿದಳು. ಮರುವರ್ಷ ಶಾಲೆಯನ್ನು ಬಿಟ್ಟಳು.

ಆಕೆಯ ಕೈಯನ್ನು ಕೆಡಿಸಿದುದು ಮರವಲ್ಲ, ಕಟ್ಟು. ಜರ್ಮನಿಯ ಶಸ್ತ್ರವೈದ್ಯರಾದ ರಿಚರ್ಡ್ ಫಾನ್ ಫೋಲ್ಕ್‌ಮನ್ ಎಂಬವರು ೧೮೮೧ರಲ್ಲಿಯೇ ಇದನ್ನು ವಿವರಿಸಿದ್ದರು. ಬಿಗಿಕಟ್ಟಿನಿಂದ ರಕ್ತವು ಓಡದೆ ಹೋದರೆ ಕೆಲವೇ ಗಂಟೆಗಳಲ್ಲಿ ಸ್ನಾಯುಗಳು ಸಾಯಲಾರಂಭಿಸಿ, ಆಮೇಲೆ ಕುಗ್ಗಿ ಬೆರಳುಗಳನ್ನು ಎಳೆದುಬಿಡುತ್ತವೆ. ಬರಿಯ ಬಾವಿನಿಂದಲೂ, ಆಸ್ಪತ್ರೆಯಲ್ಲಿ ಹಾಕಿದ ಕಟ್ಟಿನ ಕೆಳಗೂ ಇದು ಸಂಭವಿಸಬಹುದು. ಆದುದರಿಂದ ಕಟ್ಟಿದ ಮೇಲೆ ನೋವು ಕಡಿಮೆಯಾಗದೆ ಹೆಚ್ಚುತ್ತಾ ಹೋದರೆ, ಬೆರಳನ್ನು ನೀಡಿಸಿದಾಗ ಮಗುವು ಚೀರಿದರೆ, ಬೆರಳು ತಣ್ಣಗಾಗಿ ಬಿಳಿಚಿದರೆ ಅಥವಾ ನೀಲಿಯಾದರೆ, ಮುಟ್ಟಿದ್ದು ತಿಳಿಯದಂತಾದರೆ ಬೆಳಗಾಗುವ ತನಕ ಕಾಯಬೇಡಿರಿ. ಆ ಘಳಿಗೆಯಲ್ಲಿಯೇ ಆಸ್ಪತ್ರೆಗೆ ಹೋಗಿರಿ.

ಉಳಿದ ಸೂಚನೆಗಳನ್ನು ಸಂಕ್ಷೇಪವಾಗಿ ಬರೆಯುತ್ತೇನೆ. ಮುರಿದ ಕೈಯನ್ನು ಎಳೆಯಬಾರದು, ನೀವಬಾರದು. ಇದ್ದ ಸ್ಥಿತಿಯಲ್ಲಿಯೇ ಮೆತ್ತಗಿನ ಬಟ್ಟೆಯಿಂದ ಜೋಳಿಗೆ ಮಾಡಿ ಕೊರಳಿಗೆ ತೂಗುಹಾಕಿ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಎತ್ತರದಿಂದ ಬಿದ್ದ ಮಗುವು ಕುತ್ತಿಗೆ ಅಥವಾ ಬೆನ್ನು ನೋಯುವುದೆಂದರೆ, ಇಲ್ಲವೆ ಕಾಲು ಅಲುಗಿಸದಿದ್ದರೆ ಎತ್ತಿ ನಿಲ್ಲಿಸಬಾರದು. ಹಾಗೆಯೇ ಮಲಗಿಸಿ ೧೦೮ಕ್ಕೆ ಫೋನು ಮಾಡಬೇಕು. ತಲೆಗೆ ಪೆಟ್ಟಾದ ಮೇಲೆ ಪ್ರಜ್ಞೆ ತಪ್ಪಿದರೆ, ಮತ್ತೆಮತ್ತೆ ವಾಂತಿಯಾದರೆ, ಎಬ್ಬಿಸಲಾರದ ಮಂಪರು ಬಂದರೆ, ಕಿವಿ ಮೂಗುಗಳಿಂದ ನೀರಿನಂಥ ದ್ರವ ಸೋರಿದರೆ ಒಡನೆ ಆಸ್ಪತ್ರೆಗೆ ಸೇರಿಸಬೇಕು. ರಕ್ತ ಸುರಿಯುವ ಗಾಯವನ್ನು ಶುದ್ಧವಾದ ಬಟ್ಟೆಯಿಂದ ಒತ್ತಿಹಿಡಿಯಬೇಕು; ಕಾಫಿಪುಡಿಯನ್ನಾಗಲಿ ಅರಸಿನವನ್ನಾಗಲಿ ತುಂಬಬಾರದು. ಮೂಗಿನಿಂದ ರಕ್ತ ಬಂದರೆ ತಲೆಯನ್ನು ಹಿಂದಕ್ಕೆ ಬಾಗಿಸುವುದು ತಪ್ಪು; ಮುಂದಕ್ಕೆ ಬಾಗಿಸಿ ಮೂಗಿನ ಮೆತ್ತಗಿನ ಭಾಗವನ್ನು ಹತ್ತು ನಿಮಿಷ ಹಿಡಿಯಬೇಕು. ಹಾಲುಹಲ್ಲಲ್ಲದ ಹಲ್ಲು ಪೂರ್ತಿ ಕಿತ್ತುಬಂದರೆ ಬೇರನ್ನು ಮುಟ್ಟದೆ, ಉಜ್ಜದೆ, ಹಾಲಿನಲ್ಲಿ ಹಾಕಿ ಕೂಡಲೇ ದಂತವೈದ್ಯರಲ್ಲಿಗೆ ಹೋದರೆ ಅದನ್ನು ಮತ್ತೆ ನೆಡುವ ಆಸೆಯುಂಟು. ಹತ್ತನೆಯ ಮತ್ತು ಹದಿನಾರನೆಯ ವಯಸ್ಸಿನಲ್ಲಿ ಹಾಕಿಸಬೇಕಾದ ಧನುರ್ವಾಯುವಿನ ಚುಚ್ಚುಮದ್ದನ್ನು ತಪ್ಪಿಸಬೇಡಿರಿ.

ಕೊನೆಯದಾಗಿ ತಾಯಿತಂದೆಗಳಲ್ಲಿ ಒಂದು ಬಿನ್ನಹ. ೧೯೮೯ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ ೩೧ನೆಯ ವಿಧಿಯು ಆಟವನ್ನು ಮಗುವಿನ ಹಕ್ಕೆಂದು ಒಪ್ಪಿದೆ; ನಮ್ಮ ದೇಶವು ೧೯೯೨ರಲ್ಲಿ ಅದಕ್ಕೆ ಸೇರಿತು. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ಶಾಲೆಗೆ ಆಟದ ಬಯಲು ಇರತಕ್ಕದ್ದೆಂದು ವಿಧಿಸಿದೆ. ಆದರೆ ಗಂಡುಮಕ್ಕಳು ಬಿದ್ದಾಗ “ಹುಷಾರಾಗಿ ಆಡು” ಎಂದು ಹೇಳುವ ನಾವು, ಹೆಣ್ಣುಮಕ್ಕಳು ಬಿದ್ದಾಗ “ಇನ್ನು ಆಡಬೇಡ” ಎನ್ನುತ್ತೇವೆ. ಗಾಯವು ಆರು ವಾರಗಳಲ್ಲಿ ಮಾಯುವುದು. ಆ ಮಾತು ಮಾಯುವುದಿಲ್ಲ. ಓಡಿ ಹಾರಿ ಬೆಳೆಯದ ಮೈಯಲ್ಲಿ ಎಲುಬೂ ಬಲಿಯುವುದಿಲ್ಲ, ಧೈರ್ಯವೂ ಬಲಿಯುವುದಿಲ್ಲ. ಆದುದರಿಂದ ನಿಮ್ಮ ಬೀದಿಯ ಉದ್ಯಾನದಲ್ಲಾಗಲಿ, ನೀವು ವಾಸಿಸುವ ಕಟ್ಟಡದ ಅಂಗಳದಲ್ಲಾಗಲಿ ಉಯ್ಯಾಲೆಯನ್ನು ಕಂಡಾಗ ಅದರ ಕೆಳಗೆ ಒಂದು ಕಡ್ಡಿಯನ್ನು ಚುಚ್ಚಿ ನೋಡಿರಿ. ಸುಲಭವಾಗಿ ಇಳಿಯದಿದ್ದರೆ ಮಗುವನ್ನು ಮನೆಗೆ ಎಳೆದುಕೊಂಡು ಹೋಗಬೇಡಿರಿ. ಆ ನೆಲಕ್ಕೆ ಹೊಣೆಯಾದವರನ್ನು ಹುಡುಕಿ, ನನ್ನನ್ನು ಆ ತಂದೆ ಕೇಳಿದ ಪ್ರಶ್ನೆಯನ್ನೇ ಕೇಳಿರಿ.

ಆ ದಿನ ಬಿದ್ದ ಹುಡುಗಿಯ ಕೈ ಸಂಪೂರ್ಣ ಗುಣವಾಯಿತು. ಈಗ ಆಕೆ ನಮ್ಮ ಪ್ರೌಢಶಾಲೆಯ ಎಂಟನೆಯ ತರಗತಿಯಲ್ಲಿದ್ದು ಥ್ರೋಬಾಲ್ ತಂಡದಲ್ಲಿ ಆಡುತ್ತಾಳೆ. ಶನಿವಾರ ಮರಳನ್ನು ಸಡಿಲಿಸುವ ಗುಂಪಿನಲ್ಲಿಯೂ ಆಕೆಯ ಹೆಸರಿದೆ.

ಹಳೆಯ ವಿದ್ಯಾರ್ಥಿನಿಯರು ಪ್ರತಿವರ್ಷವೂ ಶಾಲೆಗೆ ಏನಾದರೂ ಕಾಣಿಕೆ ಕೊಡುವೆವೆಂದು ಪ್ರೀತಿಯಿಂದ ಕೇಳುತ್ತೀರಿ. ಗಡಿಯಾರಗಳೂ ಬೀರುಗಳೂ ನಮ್ಮಲ್ಲಿ ಸಾಕಷ್ಟಿವೆ. ಈ ವರ್ಷ ಮಳೆಯು ಹೆಚ್ಚಾಗಿ ಬಿದ್ದು ಮರಳು ತಗ್ಗಿದೆ, ಚಕ್ಕೆಯೂ ಕೊಳೆತಿದೆ. ಒಂದು ಗಾಡಿ ಮರಳು, ಎರಡು ಗಾಡಿ ಮರದ ಚಕ್ಕೆ ಬೇಕಾಗಿದೆ. ಅದರ ಮೇಲೆ ಕೊಟ್ಟವರ ಹೆಸರನ್ನು ಕೆತ್ತಿಸಲು ಬರುವುದಿಲ್ಲ. ಆದರೂ ಕೊಡುವಿರೆಂದು ನಂಬಿದ್ದೇನೆ.

ಇತಿ,
ಮುಖ್ಯೋಪಾಧ್ಯಾಯಿನಿ